ಒಂದೇ ದಾರಿಯಲ್ಲಿ ಎರಡು ಕ್ರಾಸ್‌ಓವರ್: ಕಾರು ಆರಿಸಲೆಂದೇ ಹೊರಟ ಪ್ರವಾಸ

ಟೊಯೊಟಾ ರಾವ್4 ಕೊಳ್ಳಬೇಕೋ ಹೋಂಡಾ ಸಿಆರ್-ವಿ ಕೊಳ್ಳಬೇಕೋ ಎಂದು ಲೆಕ್ಕ ಹಾಕುತ್ತಿರುವವರು ಶೋರೂಮಿನ ಸುತ್ತ ಒಂದು ಸುತ್ತು ಓಡಿಸಿ ತೀರ್ಮಾನಕ್ಕೆ ಬರಬೇಡಿ. ಅಷ್ಟರಲ್ಲಿ ವ್ಯತ್ಯಾಸ ತಿಳಿಯದಷ್ಟು ಈ ಎರಡು ಕ್ರಾಸ್‌ಓವರ್‌ಗಳೂ (ಸಾಮಾನ್ಯ ಕಾರಿನ ತಳಹದಿಯ ಮೇಲೆ ಕಟ್ಟಿದ ಎಸ್‌ಯುವಿಗಳು) ಒಂದನ್ನೊಂದು ಹೋಲುತ್ತವೆ. ರಾವ್4 ಮೊದಲು ಬಂದದ್ದು 1994ರಲ್ಲಿ, ಸಿಆರ್-ವಿ 1995ರಲ್ಲಿ. ಮೂರು ದಶಕಗಳಿಂದ ಒಂದೇ ಬಗೆಯ ಕುಟುಂಬವನ್ನು ಕಣ್ಣ ಮುಂದಿಟ್ಟುಕೊಂಡು ಬೆಳೆದ ಕಾರುಗಳಿವು. ನಾಲ್ಕೂ ಚಕ್ರಗಳಿಗೆ ಚಾಲನೆಯಿರುವ ಹೈಬ್ರಿಡ್ (ಪೆಟ್ರೋಲ್ ಎಂಜಿನ್, ವಿದ್ಯುತ್ ಮೋಟಾರು ಎರಡೂ ಇರುವ) ಮಾದರಿಗಳನ್ನು ಪಕ್ಕಪಕ್ಕ ಇಟ್ಟರೆ, ಮುಂದಿನ ಹಾಗೂ ಹಿಂದಿನ ಗಾಲಿಗಳ ನಡುವಿನ ಅಂತರ ಎರಡರಲ್ಲೂ ಸುಮಾರು 2.7 ಮೀಟರ್, ನೆಲದಿಂದ ತಳದ ಎತ್ತರ ಎರಡರಲ್ಲೂ ಸುಮಾರು 20 ಸೆಂಟಿಮೀಟರ್. ರಾವ್4ರದು 219 ಅಶ್ವಶಕ್ತಿ, ಸಿಆರ್-ವಿಯದು 204. ಕಾಗದದ ಮೇಲಿನ ಈ ಅಂಕಿಗಳನ್ನು ಎಷ್ಟು ತಿರುವಿ ಹಾಕಿದರೂ ಉತ್ತರ ಸಿಗುವುದಿಲ್ಲ.

ಹಾಗಾಗಿ ನಮ್ಮ ಮನೆಯವರೂ ಅಕ್ಕ-ಭಾವನ ಮನೆಯವರೂ ಸೇರಿ ಎರಡನ್ನೂ ಬಾಡಿಗೆಗೆ ಪಡೆದು ಒಂದೇ ದಾರಿಯಲ್ಲಿ ಹೊರಟೆವು. ಎರಡೂ ಮನೆಗಳಿಗೆ ಹೊಸ ಕಾರು ಬೇಕಿತ್ತು. ಅರ್ಧ ದಿನ ನೇರ ಹೆದ್ದಾರಿ, ಆಮೇಲೆ ಘಟ್ಟದ ತಿರುವುಗಳು, ಕೊನೆಯಲ್ಲಿ ಮಳೆಗೆ ಜಲ್ಲಿ ಎದ್ದ ಮಣ್ಣುದಾರಿ, ಇಂಥ ಮೂರೂ ಇರುವ ಮಾರ್ಗವನ್ನೇ ಆರಿಸಿಕೊಂಡಿದ್ದೆವು. ನೀವೂ ಹಾಗೆಯೇ ಮಾಡಿ. ಹೆದ್ದಾರಿ ಮಾತ್ರ ಇರುವ ಮಾರ್ಗದಲ್ಲಿ ಎರಡೂ ಕಾರುಗಳು ಒಳ್ಳೆಯ ಮಕ್ಕಳಂತೆ ನಡೆದುಕೊಳ್ಳುತ್ತವೆ. ಅವುಗಳ ನಿಜವಾದ ಸ್ವಭಾವ ಹೊರಬರುವುದು ರಸ್ತೆ ಕೆಟ್ಟಾಗ, ಜನ ದಣಿದಾಗ. ನಾವು ಓಡಿಸಿದ್ದು ರಾವ್4ರ ಐದನೆಯ ಪೀಳಿಗೆ ಮತ್ತು ಸಿಆರ್-ವಿಯ ಆರನೆಯ ಪೀಳಿಗೆ. ರಾವ್4ರ ಆರನೆಯ ಪೀಳಿಗೆ 2025ರಲ್ಲಿ ಅನಾವರಣಗೊಂಡಿದೆ. ಅದನ್ನು ನೋಡುತ್ತಿರುವವರು ಇಲ್ಲಿನ ಅಂಕಿಗಳನ್ನು ಬಿಟ್ಟು ಪರೀಕ್ಷಿಸುವ ವಿಧಾನವನ್ನಷ್ಟೇ ತೆಗೆದುಕೊಳ್ಳಲಿ.

ಬಾಡಿಗೆಗೆ ಪಡೆಯುವಾಗ ಒಂದು ವಿಷಯದಲ್ಲಿ ಹಟ ಹಿಡಿಯಿರಿ. ನೀವು ಕೊಳ್ಳಬೇಕೆಂದಿರುವ ಎಂಜಿನ್, ಅದೇ ಅಳತೆಯ ಚಕ್ರ ಇರುವ ಕಾರೇ ಬೇಕು. ಒಂದೇ ಮಾದರಿಯ ಕಾರಿಗೆ 17 ಇಂಚಿನ ಚಕ್ರ ಹಾಕಿದಾಗ ಇರುವ ಮೃದುತ್ವ 19 ಇಂಚಿನದರಲ್ಲಿ ಇರುವುದಿಲ್ಲ. ಚಕ್ರ ದೊಡ್ಡದಾದಷ್ಟೂ ಟೈರಿನ ಪಕ್ಕದ ಗೋಡೆ ಕುಳ್ಳಗಾಗುತ್ತದೆ, ಗುಂಡಿಯ ಏಟನ್ನು ನುಂಗುವ ರಬ್ಬರ್ ಕಡಿಮೆಯಾಗುತ್ತದೆ. ದೊಡ್ಡ ಚಕ್ರದ ಒಂದನ್ನೂ ಸಣ್ಣ ಚಕ್ರದ ಇನ್ನೊಂದನ್ನೂ ಹೋಲಿಸಿದರೆ ನೀವು ಟೈರುಗಳನ್ನು ಹೋಲಿಸಿದಂತಾಗುತ್ತದೆಯೇ ಹೊರತು ಕಾರುಗಳನ್ನಲ್ಲ. ಹೊರಡುವ ಮೊದಲು ಎರಡರಲ್ಲೂ ಗಾಳಿ ನೋಡಿಸಿ, ಅದೂ ಟೈರು ತಣ್ಣಗಿರುವಾಗ. ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯಲ್ಲಿ ಎಷ್ಟು ಗಾಳಿ ಇರಬೇಕೆಂದು ಬರೆದಿರುತ್ತದೆ. ಕಾರು ಎಷ್ಟು ಭಾರ ಹೊರಬಲ್ಲದೆಂಬುದೂ ಅಲ್ಲಿಯೇ ಅಥವಾ ಕೈಪಿಡಿಯಲ್ಲಿ ಸಿಗುತ್ತದೆ. ಐವರು ದೊಡ್ಡವರೆಂದರೆ 350 ಕಿಲೋ ಆಗಿಯೇ ಹೋಯಿತು. ಅದರ ಮೇಲೆ ಪೆಟ್ಟಿಗೆಗಳು, ನೀರು, ಮಕ್ಕಳ ಗಾಡಿ. ಈ ಲೆಕ್ಕವನ್ನು ಕೊಳ್ಳುವ ಮೊದಲೇ ಹಾಕಬೇಕು.

ಈಗ ನಾನು ಮುಖ್ಯವೆಂದು ನಂಬಿರುವ ಮಾತಿಗೆ ಬರುತ್ತೇನೆ. ಕುಟುಂಬದ ಕಾರನ್ನು ಚಾಲಕ ಒಬ್ಬನೇ ಆರಿಸಬಾರದು. ಸ್ಟೀರಿಂಗ್ ಹಿಡಿದವನಿಗೆ ಎಲ್ಲ ಕಾರೂ ಚೆಂದವೇ. ಅವನ ಸೀಟು ಆರು ದಿಕ್ಕಿಗೆ ಸರಿಯುತ್ತದೆ, ಅವನ ಕಣ್ಣ ಮುಂದೆ ರಸ್ತೆ ಇರುತ್ತದೆ, ತಿರುವು ಬರುವುದು ಅವನಿಗೆ ಮೊದಲೇ ಗೊತ್ತಿರುತ್ತದೆ. ಹಿಂದೆ ಕುಳಿತವರಿಗೆ ಇದಾವುದೂ ಇಲ್ಲ. ಎರಡು ಒಳ್ಳೆಯ ಕಾರುಗಳು ಎದುರಿದ್ದಾಗ ಹಿಂದಿನ ಸೀಟಿನ ತೀರ್ಪನ್ನೇ ಮೇಲಿನ ನ್ಯಾಯಾಲಯದ ತೀರ್ಪೆಂದು ಒಪ್ಪಿಕೊಳ್ಳಿ.

ಈ ಪ್ರವಾಸದಲ್ಲಿ ನಮಗೆ ಸ್ಪಷ್ಟವಾಗಿ ಕಂಡ ವ್ಯತ್ಯಾಸವೂ ಅಲ್ಲಿಯೇ ಇತ್ತು. ತಯಾರಕರು ಕೊಡುವ ಅಳತೆಯ ಪ್ರಕಾರ ಹಿಂದಿನ ಸಾಲಿನಲ್ಲಿ ಕಾಲು ಚಾಚುವ ಜಾಗ ಸಿಆರ್-ವಿಯಲ್ಲಿ 41 ಇಂಚು, ರಾವ್4ರಲ್ಲಿ 37.8 ಇಂಚು. ಮೂರು ಇಂಚು ಎಂದಾಗ ಏನೂ ಅನ್ನಿಸುವುದಿಲ್ಲ. ಆದರೆ ಎತ್ತರದ ಚಾಲಕನ ಹಿಂದೆ, ಹಿಮ್ಮುಖವಾಗಿ ಕೂರಿಸುವ ಕೂಸಿನ ಸೀಟನ್ನು ಬಿಗಿದಾಗ ಆ ಮೂರು ಇಂಚು ಎದ್ದು ಕಾಣುತ್ತದೆ. ಭಾವ ಆಜಾನುಬಾಹು. ಸಿಆರ್-ವಿಯಲ್ಲಿ ಅವರು ತಮ್ಮ ಸೀಟನ್ನು ಅಲುಗಿಸದೆಯೇ ಕೂಸಿನ ಸೀಟು ಹಿಂದೆ ಕುಳಿತಿತು. ರಾವ್4ರಲ್ಲಿ ಅವರ ಮೊಣಕಾಲು ಡ್ಯಾಶ್‌ಬೋರ್ಡಿನತ್ತ ಸರಿಯಬೇಕಾಯಿತು. ಚಾಲಕ ಕುಳ್ಳಗಿರುವ ಮನೆಯಲ್ಲಿ ಇದು ಪ್ರಶ್ನೆಯೇ ಅಲ್ಲ. ಆದ್ದರಿಂದ ನಿಮ್ಮ ಮನೆಯ ಅತಿ ಎತ್ತರದವರನ್ನು ಮುಂದೆ ಕೂರಿಸಿ, ನಿಮ್ಮದೇ ಕೂಸಿನ ಸೀಟನ್ನು ಹಿಂದೆ ಕಟ್ಟಿ ನೋಡಿ. ಮಕ್ಕಳ ಸೀಟನ್ನು ನೇರವಾಗಿ ಕಾರಿಗೆ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಗಳು ಸಾಮಾನ್ಯವಾಗಿ ಎರಡು ಬದಿಯ ಸೀಟುಗಳಲ್ಲಿ ಮಾತ್ರ ಇರುತ್ತವೆ. ಎರಡು ಮಕ್ಕಳ ಸೀಟುಗಳನ್ನು ಕಟ್ಟಿದ ಮೇಲೆ ನಡುವೆ ದೊಡ್ಡವರೊಬ್ಬರು ಕೂರಬೇಕೆಂದಿದ್ದರೆ, ಈ ಗಾತ್ರದ ಯಾವ ಕ್ರಾಸ್‌ಓವರ್‌ನಲ್ಲಿಯೂ ಅದು ಸುಖದ ಪ್ರಯಾಣವಲ್ಲ. ಬೆಲ್ಟಿನ ಬಕಲ್‌ಗೆ ಕೈ ಹೋಗುತ್ತದೆಯೇ ಎಂಬುದನ್ನಾದರೂ ನೋಡಿ.

ಇನ್ನೊಂದು ವ್ಯತ್ಯಾಸ ಬಾಗಿಲಿನದು. ಸಿಆರ್-ವಿಯ ಹಿಂದಿನ ಬಾಗಿಲು ಹೆಚ್ಚುಕಡಿಮೆ 90 ಡಿಗ್ರಿ ತೆರೆಯುತ್ತದೆ. ಅಮ್ಮನಿಗೆ ಮೊಣಕಾಲು ನೋವು. ಮೊದಲು ಕುಳಿತು, ಆಮೇಲೆ ಕಾಲುಗಳನ್ನು ಒಂದೊಂದಾಗಿ ಒಳಗೆ ಎಳೆದುಕೊಳ್ಳುವುದು ಅವರ ರೂಢಿ. ಬಾಗಿಲು ಪೂರ್ತಿ ದೂರ ಸರಿದಾಗ ಹಿಡಿದುಕೊಳ್ಳುವವರಿಗೂ ನಿಲ್ಲಲು ಜಾಗವಾಗುತ್ತದೆ. ಮಲಗಿದ ಮಗುವನ್ನು ಎತ್ತಿ ಸೀಟಿಗೆ ಕಟ್ಟುವ ತಾಯಿಯ ಬೆನ್ನಿಗೂ ಇದರಿಂದ ಬಹಳ ಉಪಕಾರ. ಒಂದು ಎಚ್ಚರಿಕೆ: ಇಕ್ಕಟ್ಟಿನ ಪಾರ್ಕಿಂಗ್‌ನಲ್ಲಿ ಅಷ್ಟು ಅಗಲದ ಬಾಗಿಲು ತೆರೆಯಲು ಆಗುವುದೇ ಇಲ್ಲ. ನಿಮ್ಮ ನಿತ್ಯದ ಪಾರ್ಕಿಂಗ್ ಜಾಗ ಹೇಗಿದೆಯೆಂದು ನೆನಪಿಸಿಕೊಳ್ಳಿ.

ಕಾರುಗಳನ್ನು ಅದಲುಬದಲು ಮಾಡಿಕೊಳ್ಳುವುದರಲ್ಲೂ ಒಂದು ಲೆಕ್ಕವಿದೆ. ಹೋಗುವಾಗ ಒಂದು, ಬರುವಾಗ ಇನ್ನೊಂದು ಎಂದು ಹಂಚಿಕೊಂಡರೆ ಒಂದು ಕುಟುಂಬಕ್ಕೆ ಒಂದು ಕಾರಿನಲ್ಲಿ ಬರೀ ಏರು, ಮತ್ತೊಂದರಲ್ಲಿ ಬರೀ ಇಳಿಜಾರು ಸಿಗುತ್ತದೆ. ಹೆದ್ದಾರಿಯ ಮಧ್ಯದಲ್ಲೊಮ್ಮೆ, ಘಟ್ಟದ ಮಧ್ಯದಲ್ಲೊಮ್ಮೆ, ಮಣ್ಣುದಾರಿಯಲ್ಲೊಮ್ಮೆ ಬದಲಿಸಿಕೊಳ್ಳಿ. ಸಾಮಾನನ್ನು ಆಯಾ ಕಾರಿನಲ್ಲೇ ಬಿಟ್ಟು ಜನ ಮಾತ್ರ ಬದಲಾದರೆ ಸಮಯ ಹಾಳಾಗುವುದಿಲ್ಲ. ಪ್ರತಿ ಸಲ ಇಳಿದ ಕೂಡಲೇ, ಚಾಲಕ ಬಾಯಿ ತೆರೆಯುವ ಮೊದಲು, ಹಿಂದೆ ಕುಳಿತವರನ್ನು ಕೇಳಿ. ಸೊಂಟ ಹಿಡಿಯಿತೇ, ತೊಡೆಗೆ ಆಧಾರ ಸಿಕ್ಕಿತೇ, ಎಸಿಯ ಗಾಳಿ ತಲುಪಿತೇ, ಮುಂದಿನವರ ಮಾತು ಕೇಳಿಸಿತೇ? ಕೊನೆಯ ಪ್ರಶ್ನೆ ಸಣ್ಣದಲ್ಲ. ಹೆದ್ದಾರಿಯ ವೇಗದಲ್ಲಿ ಟೈರಿನ ಸದ್ದು ಹೆಚ್ಚಾಗಿ ಕೇಳುವುದು ಹಿಂದಿನ ಚಕ್ರಗಳ ಮೇಲೆ ಕುಳಿತವರಿಗೆ. ಕಾರಿನಲ್ಲಿ ಕಿರುಚಿ ಮಾತನಾಡಬೇಕಾದ ಪ್ರವಾಸ ಎಲ್ಲರನ್ನೂ ದಣಿಸುತ್ತದೆ.

ಘಟ್ಟ ಹತ್ತುವಾಗ ಎರಡು ಹೈಬ್ರಿಡ್‌ಗಳ ಹೊಟ್ಟೆಯೊಳಗಿನ ಲೆಕ್ಕ ಬೇರೆಯೆಂದು ಗೊತ್ತಾಗುತ್ತದೆ. ರಾವ್4ರಲ್ಲಿ 2.5 ಲೀಟರ್ ಎಂಜಿನ್ ಮತ್ತು ಮೋಟಾರುಗಳ ಬಲ ಪ್ಲಾನೆಟರಿ ಗಿಯರ್ (ನಡುವಿನ ಹಲ್ಲುಚಕ್ರದ ಸುತ್ತ ಸಣ್ಣ ಹಲ್ಲುಚಕ್ರಗಳು ತಿರುಗುವ ಜೋಡಣೆ) ಮೂಲಕ ಒಂದಾಗಿ ಚಕ್ರಕ್ಕೆ ಹೋಗುತ್ತದೆ. ಸಿಆರ್-ವಿಯಲ್ಲಿ 2 ಲೀಟರ್ ಎಂಜಿನ್ ಹೆಚ್ಚಿನ ಹೊತ್ತು ವಿದ್ಯುತ್ ತಯಾರಿಸುವ ಕೆಲಸದಲ್ಲಿರುತ್ತದೆ, ಚಕ್ರ ತಿರುಗಿಸುವುದು ಮೋಟಾರು. ಹೆದ್ದಾರಿಯಲ್ಲಿ ಹದವಾದ ವೇಗ ಹಿಡಿದಾಗ ಮಾತ್ರ ಎಂಜಿನ್ ನೇರವಾಗಿ ಚಕ್ರಕ್ಕೆ ಜೋಡಿಕೊಳ್ಳುತ್ತದೆ. ತುಂಬಿದ ಕಾರಿನಲ್ಲಿ ಏರು ಹತ್ತುವಾಗ ಎರಡರಲ್ಲೂ ಎಂಜಿನ್ನಿನ ಸದ್ದು ಮೇಲೇರುತ್ತದೆ, ಕಾರಿನ ವೇಗ ಅದಕ್ಕೆ ತಕ್ಕಂತೆ ಏರುವುದಿಲ್ಲ. ಹೈಬ್ರಿಡ್ ಓಡಿಸದವರು ಏನೋ ಕೆಟ್ಟಿದೆಯೆಂದು ಗಾಬರಿಯಾಗುತ್ತಾರೆ. ಕೆಟ್ಟಿರುವುದಿಲ್ಲ.

ಇಳಿಯುವ ದಾರಿಯಲ್ಲಿ ಇನ್ನೂ ಹೆಚ್ಚಿನ ಜಾಗ್ರತೆ ಬೇಕು. ಹೈಬ್ರಿಡ್ ಕಾರು ಬ್ರೇಕ್ ಹಾಕಿದಾಗ ಬ್ಯಾಟರಿ ತುಂಬಿಕೊಳ್ಳುತ್ತದೆ ಎಂಬುದು ನಿಜ. ಆದರೆ ಆ ಬ್ಯಾಟರಿ ಎಷ್ಟು ದೊಡ್ಡದು? ಈ ವರ್ಗದಲ್ಲಿ ಒಂದರಿಂದ ಒಂದೂವರೆ ಯೂನಿಟ್ (ಕಿಲೋವ್ಯಾಟ್-ಗಂಟೆ) ಆಸುಪಾಸು. ಜನ, ಸಾಮಾನು ಸೇರಿ 2,000 ಕಿಲೋ ತೂಗುವ ಕಾರು 200 ಮೀಟರ್ ಎತ್ತರ ಇಳಿದರೆ ಬಿಡುಗಡೆಯಾಗುವ ಶಕ್ತಿಯೇ ಒಂದು ಯೂನಿಟ್‌ಗಿಂತ ತುಸು ಹೆಚ್ಚು. ಅದರಲ್ಲಿ ಒಂದಷ್ಟು ಗಾಳಿಗೆ, ಟೈರಿಗೆ ಹೋದರೂ ದೊಡ್ಡ ಘಟ್ಟದ ಅರ್ಧ ದಾರಿಗೇ ಬ್ಯಾಟರಿ ತುಂಬಿಬಿಡುತ್ತದೆ. ಅಲ್ಲಿಂದ ಮುಂದೆ ಬ್ಯಾಟರಿಯ ಕಡೆಯಿಂದ ಸಿಗುತ್ತಿದ್ದ ತಡೆ ಕಡಿಮೆಯಾಗಿ ಭಾರವೆಲ್ಲ ಬ್ರೇಕ್ ಪ್ಯಾಡ್‌ಗಳ ಮೇಲೆ ಬೀಳುತ್ತದೆ. ಆದ್ದರಿಂದ ಇಳಿಜಾರು ಶುರುವಾಗುವಾಗಲೇ ಗಿಯರ್ ಲಿವರನ್ನು ರಾವ್4ರಲ್ಲಿ ‘ಎಸ್’ ಗುರುತಿಗೆ, ಸಿಆರ್-ವಿಯಲ್ಲಿ ‘ಬಿ’ ಗುರುತಿಗೆ ತಂದು ಎಂಜಿನ್ನಿನ ತಡೆಯನ್ನೂ ಬಳಸಿಕೊಳ್ಳಿ. ಆಗ ಎಂಜಿನ್ ಜೋರಾಗಿ ಸದ್ದು ಮಾಡುತ್ತದೆ. ಹೆಚ್ಚಾದ ಶಕ್ತಿಯನ್ನು ಅದು ಖರ್ಚು ಮಾಡುತ್ತಿದೆ ಎಂದರ್ಥ. ಬಾಡಿಗೆ ಕಾರಿನ ಕೀಲಿ ಕೈಗೆ ಬಂದ ದಿನವೇ ಈ ಗುರುತುಗಳು ಎಲ್ಲಿವೆಯೆಂದು ನೋಡಿಟ್ಟುಕೊಳ್ಳಿ.

ಮಣ್ಣುದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾವ್4 ಹೈಬ್ರಿಡ್‌ನಲ್ಲಿ ಹಿಂದಿನ ಚಕ್ರಗಳಿಗೆ ಪ್ರತ್ಯೇಕ ಮೋಟಾರು ಇದೆ, ಮುಂದಿನಿಂದ ಹಿಂದಕ್ಕೆ ಬಲ ಒಯ್ಯುವ ಉದ್ದನೆಯ ದಂಡ (ಶಾಫ್ಟ್) ಇಲ್ಲ. ಸಿಆರ್-ವಿಯಲ್ಲಿ ಶಾಫ್ಟ್ ಇದೆ. ನಮ್ಮಂಥ ಕುಟುಂಬಗಳು ಹೋಗುವ ದಾರಿಯಲ್ಲಿ ಎರಡೂ ತಡವರಿಸದೆ ಹತ್ತಿದವು. ನಾಲ್ಕು ಚಕ್ರ ಚಾಲನೆ ಹೊರಡುವುದಕ್ಕೆ ಸಹಾಯ ಮಾಡುತ್ತದೆ, ನಿಲ್ಲುವುದಕ್ಕೆ ಅಲ್ಲ, ನಿಲ್ಲಿಸುವುದು ಟೈರು. ಹಣ ಉಳಿಸಬೇಕೆಂದಿದ್ದರೆ ಟೈರಿನಲ್ಲಿ ಉಳಿಸಬೇಡಿ.

ಇಂಧನದ ಲೆಕ್ಕವನ್ನು ಅಗತ್ಯಕ್ಕಿಂತ ಹೆಚ್ಚು ಎಳೆಯುವವರನ್ನು ಕಂಡಿದ್ದೇನೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂಕಿಯ ಪ್ರಕಾರ ರಾವ್4 ಹೈಬ್ರಿಡ್ ಗ್ಯಾಲನ್‌ಗೆ 40 ಮೈಲು, ನಾಲ್ಕು ಚಕ್ರ ಚಾಲನೆಯ ಸಿಆರ್-ವಿ ಹೈಬ್ರಿಡ್ 37 ಮೈಲು. ಅಂದರೆ ಲೀಟರಿಗೆ ಸುಮಾರು 17 ಮತ್ತು 15.7 ಕಿಲೋಮೀಟರ್. ವರ್ಷಕ್ಕೆ 15,000 ಕಿಲೋಮೀಟರ್ ಓಡಿಸಿದರೆ ವ್ಯತ್ಯಾಸ 72 ಲೀಟರಿನಷ್ಟು. ಒಂದೂವರೆ ಟ್ಯಾಂಕು ಕೂಡ ಆಗದು. ಪ್ರವಾಸದಲ್ಲಿ ನಿಮ್ಮದೇ ಲೆಕ್ಕ ಬೇಕಿದ್ದರೆ ಎರಡನ್ನೂ ಒಂದೇ ಬಂಕಿನಲ್ಲಿ, ನಳಿಕೆ ತಾನಾಗಿ ನಿಲ್ಲುವವರೆಗೆ ತುಂಬಿಸಿ. ಮರಳಿ ಬಂದು ಅದೇ ಬಂಕಿನಲ್ಲಿ ಹಾಗೆಯೇ ತುಂಬಿಸಿ. ಹೋದಷ್ಟೇ ಎತ್ತರಕ್ಕೆ ಮರಳಿ ಬಂದಿರುವುದರಿಂದ ಏರು-ಇಳಿವಿನ ಲೆಕ್ಕ ಸರಿಹೋಗುತ್ತದೆ.

ಡಿಕ್ಕಿಯ ವಿಷಯದಲ್ಲಿ ಲೀಟರುಗಳ ಅಂಕಿಗಿಂತ ನಿಮ್ಮ ಪೆಟ್ಟಿಗೆಗಳೇ ಸರಿಯಾದ ಅಳತೆಗೋಲು. ಭಾರದ್ದನ್ನು ಕೆಳಗೆ, ಸೀಟಿನ ಬೆನ್ನಿಗೆ ಒತ್ತಿ ಇಡಿ. ಸೀಟಿನ ಬೆನ್ನಿಗಿಂತ ಎತ್ತರಕ್ಕೆ ಪೇರಿಸಿದರೆ ಜೋರಾಗಿ ಬ್ರೇಕ್ ಹಾಕಿದಾಗ ಅದು ಮಕ್ಕಳ ತಲೆಯ ಮೇಲೆ ಬರುತ್ತದೆ. ಇದರಲ್ಲಿ ರಾಜಿ ಬೇಡ. ಆಮೇಲೆ ನೆಲಹಾಸನ್ನು ಎತ್ತಿ ಕೆಳಗೆ ಏನಿದೆ ನೋಡಿ. ಸ್ಟೆಪ್ನಿ ಇದೆಯೇ, ಅಥವಾ ಪಂಕ್ಚರ್ ತುಂಬುವ ದ್ರಾವಣದ ಡಬ್ಬಿಯೇ? ಹೈಬ್ರಿಡ್‌ಗಳಲ್ಲಿ ಇದು ಮಾದರಿಯಿಂದ ಮಾದರಿಗೆ, ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಟೈರಿನ ಪಕ್ಕದ ಗೋಡೆ ಕಲ್ಲಿಗೆ ಹರಿದರೆ ದ್ರಾವಣ ಯಾವ ಪ್ರಯೋಜನಕ್ಕೂ ಬಾರದು. ಸಣ್ಣ ತಾತ್ಕಾಲಿಕ ಸ್ಟೆಪ್ನಿಯಾದರೆ ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರ್ ಮೀರಬಾರದು.

ಸುರಕ್ಷತೆಯ ನಕ್ಷತ್ರಗಳನ್ನು ನೋಡುವಾಗಲೂ ಹಿಂದಿನ ಸೀಟನ್ನು ಮರೆಯಬೇಡಿ. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ 2022ರಲ್ಲಿ ತನ್ನ ಮುಂಭಾಗದ ಡಿಕ್ಕಿ ಪರೀಕ್ಷೆಯೊಂದರಲ್ಲಿ ಹಿಂದೆಯೂ ಒಂದು ಗೊಂಬೆಯನ್ನು ಕೂರಿಸಿತು. ಮೊದಲ ಸುತ್ತಿನ 15 ಸಣ್ಣ ಎಸ್‌ಯುವಿಗಳಲ್ಲಿ ‘ಉತ್ತಮ’ ಎನಿಸಿಕೊಂಡದ್ದು ಎರಡೇ: ಫೋರ್ಡ್ ಎಸ್ಕೇಪ್ ಮತ್ತು ವೋಲ್ವೊ ಎಕ್ಸ್‌ಸಿ40. ನಾವು ನೋಡುತ್ತಿದ್ದ ಹೆಸರುಗಳು ಆ ಎರಡರಲ್ಲಿ ಇರಲಿಲ್ಲ. ಮುಂದೆ ಕುಳಿತವರಿಗಾಗಿ ಆಗಿರುವ ಸುಧಾರಣೆ ಹಿಂದಿನವರಿಗೆ ಅಷ್ಟೇ ತಲುಪಿಲ್ಲ ಎಂಬುದು ನನ್ನನ್ನು ನಿಜಕ್ಕೂ ಕಾಡುತ್ತದೆ. ನೀವು ಕೊಳ್ಳುವ ವರ್ಷದ ಮಾದರಿಗೆ ಈ ಪರೀಕ್ಷೆಯಲ್ಲಿ ಏನು ಬಂದಿದೆ ಎಂದು ಹುಡುಕಿ ನೋಡಿಯೇ ಮುಂದುವರಿಯಿರಿ.

ಮರಳಿದ ಮೇಲೆ ಎರಡು ಮನೆಗಳೂ ಬೇರೆಬೇರೆ ನಿರ್ಧಾರಕ್ಕೆ ಬಂದವು. ಅಮ್ಮ ನಮ್ಮೊಂದಿಗೆ ಇರುವುದರಿಂದ ನಾವು ಸಿಆರ್-ವಿಯತ್ತ ವಾಲಿದೆವು. ಆ ಬಾಗಿಲು ಮತ್ತು ಕಾಲಿನ ಜಾಗ ನಮಗೆ ಬೇರೆಲ್ಲಕ್ಕಿಂತ ದೊಡ್ಡದಾಗಿ ಕಂಡವು. ಅಕ್ಕನ ಮನೆಯಲ್ಲಿ ಹೆಚ್ಚು ಓಡಿಸುವವಳು ಅವಳೇ, ಅವಳು ಭಾವನಷ್ಟು ಎತ್ತರವಿಲ್ಲ. ಜೊತೆಗೆ ಸಣ್ಣ ಟ್ರೇಲರ್ ಎಳೆಯುವ ಯೋಚನೆಯೂ ಇತ್ತು. ಅಮೆರಿಕದ ಮಾದರಿಗಳಲ್ಲಿ ರಾವ್4 ಹೈಬ್ರಿಡ್ 1,750 ಪೌಂಡ್ ಎಳೆಯಬಲ್ಲದು, ಸಿಆರ್-ವಿ ಹೈಬ್ರಿಡ್‌ಗೆ ಇರುವ ಮಿತಿ 1,000 ಪೌಂಡ್. ಅವರು ರಾವ್4 ಆರಿಸಿಕೊಂಡರು. ಒಂದೇ ದಾರಿ, ಅವೇ ಕಾರುಗಳು, ಆದರೂ ಎರಡೂ ನಿರ್ಧಾರಗಳು ಸರಿ ಎಂದೇ ನನ್ನ ಅಭಿಪ್ರಾಯ.

ನೀವು ಹೊರಡುವುದಾದರೆ ಬಾಡಿಗೆಯನ್ನು ವಾರದ ನಡುವಿನ ದಿನಗಳಿಗೆ ಹೊಂದಿಸಿಕೊಳ್ಳಿ, ಬೇಕಾದ ಮಾದರಿಯೇ ಸಿಗುವ ಸಾಧ್ಯತೆ ಹೆಚ್ಚು. ಬುಕಿಂಗ್‌ನಲ್ಲಿ ‘ಅಥವಾ ಅಂಥದ್ದೇ ಇನ್ನೊಂದು’ ಎಂದು ಬರೆದಿದ್ದರೆ ಕರೆ ಮಾಡಿ ಮಾದರಿ, ಎಂಜಿನ್, ಚಕ್ರದ ಅಳತೆ ಮೂರನ್ನೂ ಖಚಿತಪಡಿಸಿಕೊಳ್ಳಿ. ಕೂಸಿನ ಸೀಟನ್ನು ಮಾತ್ರ ಬಾಡಿಗೆಗೆ ಪಡೆಯದೆ ಮನೆಯದನ್ನೇ ಒಯ್ಯಿರಿ. ನಾಳೆ ನಿಮ್ಮ ಕಾರಿನಲ್ಲಿ ಕೂರಬೇಕಾದದ್ದು ಅದೇ.