ನೌಬಾದಿನ ಸುರಂಗ ಬಾವಿ ಮತ್ತು ಪಾತಾಳದ ನೀರು

ಬೀದರಿನ ನೌಬಾದಿನಲ್ಲಿರುವ ಸುರಂಗ ಬಾವಿಯನ್ನು ತೋರಿಸಲು ವಿದ್ಯಾರ್ಥಿಗಳನ್ನು ಕರೆದೊಯ್ದಿದ್ದಾಗ ಒಬ್ಬಳು, “ಸರ್, ಭೂಮಿಯೊಳಗ ಆರುನೂರು ಕಿಲೋಮೀಟರ್ ಆಳದಾಗ ಸಮುದ್ರ ಅದ ಅಂತಾರಲ್ರೀ, ಖರೇನಾ?” ಎಂದು ಕೇಳಿದಳು. “ಸಮುದ್ರ ಅಲ್ಲಮ್ಮ, ಕಲ್ಲಿನೊಳಗಿನ ಹೈಡ್ರೋಜನ್” ಎಂದು ಅಂದು ಚುಟುಕಾಗಿ ಹೇಳಿ ಮುಂದೆ ನಡೆದೆ. ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಬೀದರಿನ ಕೆಂಪು ಜಂಬಿಟ್ಟಿಗೆಯಲ್ಲಿ ನೀರು ಕಲ್ಲಿನ ರಂಧ್ರ, ಬಿರುಕುಗಳಲ್ಲಿ ನೀರಾಗಿಯೇ ಇರುತ್ತದೆ. ಭೂಮಿಯ ಹೊರಚಿಪ್ಪಿನ ಕೆಳಗಿನ ಕಲ್ಲಿನ ಪದರವಾದ ಮ್ಯಾಂಟಲ್‌ನಲ್ಲಿ, 410ರಿಂದ 660 ಕಿ.ಮೀ. ಆಳದ ವಲಯದಲ್ಲಿ ಒತ್ತಡವು ಸುಮಾರು 14ರಿಂದ 23 ಗಿಗಾಪಾಸ್ಕಲ್‌ಗಳಷ್ಟಿದ್ದು (ಒಂದು ಗಿಗಾಪಾಸ್ಕಲ್ ಎಂದರೆ ನಮ್ಮ ವಾತಾವರಣದ ಒತ್ತಡದ ಸುಮಾರು ಹತ್ತು ಸಾವಿರ ಪಟ್ಟು), ಅಲ್ಲಿ ರಂಧ್ರಗಳಿಗೆ ಎಡೆಯೇ ಇಲ್ಲ. ವ್ಯಾಡ್ಸ್ಲೆಯೈಟ್ ಮತ್ತು ರಿಂಗ್‌ವುಡೈಟ್ ಎಂಬ ಅಲ್ಲಿನ ಖನಿಜಗಳಲ್ಲಿ ಒಂದು ಮೆಗ್ನೀಸಿಯಂ ಅಯಾನು ತೆರವಾದಲ್ಲಿ ಎರಡು ಹೈಡ್ರೋಜನ್‌ಗಳು ಬಂದು ಆಮ್ಲಜನಕಕ್ಕೆ ಅಂಟಿಕೊಳ್ಳುತ್ತವೆ. ಇದನ್ನೇ ಭೂವಿಜ್ಞಾನಿಗಳು ರೂಢಿಯಿಂದ ‘ನೀರು’ ಎನ್ನುತ್ತಾರೆ. ಬ್ರೆಜಿಲ್‌ನ ಜುಯಿನಾ ಪ್ರದೇಶದ ವಜ್ರವೊಂದರಲ್ಲಿ ಸಿಲುಕಿದ್ದ ರಿಂಗ್‌ವುಡೈಟ್ ಕಣದಲ್ಲಿ ತೂಕದ ಶೇ. 1ಕ್ಕೂ ಹೆಚ್ಚು ನೀರಿರುವುದನ್ನು 2014ರಲ್ಲಿ ಗ್ರಹಾಂ ಪಿಯರ್ಸನ್ ಮತ್ತು ಸಂಗಡಿಗರು ವರದಿ ಮಾಡಿದ ಮೇಲೆಯೇ ಪತ್ರಿಕೆಗಳಲ್ಲಿ ‘ಸಮುದ್ರ’ ಉಕ್ಕಿದ್ದು.

ಹೀಗೆ ಅಯಾನು ತೆರವಾದ ಹರಳು ಸಹಜವಾಗಿಯೇ ಮೆತ್ತಗಾಗುತ್ತದೆ. ಒಣ ರಿಂಗ್‌ವುಡೈಟ್ ಅನ್ನು ಎಲ್ಲ ಕಡೆಯಿಂದ ಅದುಮಿದಾಗ ಅದು ತೋರುವ ಪ್ರತಿರೋಧ, ಅಂದರೆ ಬಲ್ಕ್ ಮಾಡ್ಯುಲಸ್, ಸುಮಾರು 185 ಗಿಗಾಪಾಸ್ಕಲ್. ಓರೆಯಾಗಿ ಜರುಗಿಸಿದಾಗಿನ ಶಿಯರ್ ಮಾಡ್ಯುಲಸ್ ಸುಮಾರು 120. ಶೇ. 2ಕ್ಕಿಂತ ತುಸು ಹೆಚ್ಚು ನೀರು ಸೇರಿದರೆ, ಸಾಮಾನ್ಯ ಒತ್ತಡದಲ್ಲಿ ಅಳೆದಾಗ, ಇವೆರಡೂ ಹತ್ತರಲ್ಲೊಂದು ಪಾಲಿನಷ್ಟು ಕುಗ್ಗುತ್ತವೆ. ಸಾಂದ್ರತೆಯೂ ಸ್ವಲ್ಪ ಇಳಿಯುವುದರಿಂದ ಆ ಕಲ್ಲಿನ ಮೂಲಕ ಹಾಯುವ ಭೂಕಂಪದ ಅಲೆಯ ವೇಗ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲವಾದರೂ, ಇಳಿಯುವುದಂತೂ ನಿಜ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪವು ನಮ್ಮ ಮನೆಯ ಪಾತ್ರೆಗಳನ್ನು ಗಲಗಲಿಸಿದ್ದು ನೆನಪಿದೆ. ನಮ್ಮನ್ನು ಎಬ್ಬಿಸಿದ ಅಲೆಗಳು ಮೇಲ್ಪದರದವು. ಅದೇ ಕಂಪನದಿಂದ ಹೊರಟು ಎರಡು ಮೂರು ಸಾವಿರ ಕಿ.ಮೀ. ಆಚೆ ಮೇಲೆದ್ದ ಅಲೆಗಳು ಮಾತ್ರ ಈ ಆಳದ ವಲಯವನ್ನು ಹಾದು ಹೋದವು. ಅಂಥ ಅಲೆ ಎಲ್ಲಾದರೂ ನಿಧಾನವಾದರೆ ಅಲ್ಲಿ ನೀರಿದೆ ಎನ್ನಬಹುದೇ? ಅನ್ನಲಾಗದು, ಏಕೆಂದರೆ ಬಿಸಿಯೂ ಕಲ್ಲನ್ನು ಮೆತ್ತಗಾಗಿಸುತ್ತದೆ.

ಇದಕ್ಕಿಂತ ಬಿಗಿಯಾದ ತೊಡಕು ಇನ್ನೊಂದಿದೆ. ಒತ್ತಡ ಏರಿದಂತೆ ನೀರುಳ್ಳ ಹರಳು ಒಣ ಹರಳಿಗಿಂತ ಬೇಗ ಬಿಗಿಯುತ್ತ ಬರುತ್ತದೆ. ವಜ್ರದ ಎರಡು ಮೊನೆಗಳ ನಡುವೆ ರಿಂಗ್‌ವುಡೈಟ್ ಅನ್ನು ಅದುಮಿ ಅಳೆದ ಕೆಲವು ಪ್ರಯೋಗಗಳಲ್ಲಿ, ಆ ಆಳದ ಒತ್ತಡಕ್ಕೆ ಬರುವಷ್ಟರಲ್ಲಿ ನೀರುಳ್ಳದ್ದರ ಮತ್ತು ಒಣದರ ಅಲೆವೇಗಗಳ ವ್ಯತ್ಯಾಸ ಬಹುತೇಕ ಅಳಿಸಿಹೋಗಿದೆ. ಹಾಗಾಗಿ ನೀರು ಅಲ್ಲಿದ್ದೂ ಭೂಕಂಪದ ಅಲೆಗೆ ಕಾಣದೇ ಉಳಿಯಬಹುದು. ನನ್ನ ಮಟ್ಟಿಗೆ ವೇಗಕ್ಕಿಂತ ನಂಬಬೇಕಾದ ಕುರುಹುಗಳು ಬೇರೆ: ನೀರು ಸೇರಿದರೆ ಈ ವಲಯದ ಮೇಲಂಚಾದ 410 ಕಿ.ಮೀ.ಯ ಗಡಿ ತುಸು ಮೇಲಕ್ಕೆ ಸರಿಯುತ್ತದೆ, ಮತ್ತು ಹೈಡ್ರೋಜನ್ ಇರುವ ಕಲ್ಲು ವಿದ್ಯುತ್ತನ್ನು ಹೆಚ್ಚು ಸಲೀಸಾಗಿ ಹರಿಯಗೊಡುತ್ತದೆ.