ಕ್ಲೀನರ್ ಎಲ್ಲಿ ಕೂರ್ತಿದ್ದ?

ಶನಿವಾರದಿಂದ ಅಪ್ಪನ ಒಂದು ಪ್ರಶ್ನೆ ತಲೆಯಿಂದ ಇಳಿಯುತ್ತಲೇ ಇಲ್ಲ.

ಅಪ್ಪ ಸಕಲೇಶಪುರದಿಂದ ಬಂದು ಮೂರು ವಾರವಾಯಿತು. ನಾವಿರುವ ಈ ಜರ್ಮನಿಯ ಊರು ಸ್ಟುಟ್‌ಗಾರ್ಟ್ ತೋರಿಸುವ ಜವಾಬ್ದಾರಿ ನಮ್ಮ ಮನೆಯವರದು. ಅವರ ಪ್ರವಾಸವೆಂದರೆ ಪರೀಕ್ಷೆಯ ವೇಳಾಪಟ್ಟಿ ಇದ್ದಂತೆ, ಉಸಿರಾಡಲೂ ಬಿಡುವಿಲ್ಲ. ಬೆಳಿಗ್ಗೆ ಟಿವಿ ಗೋಪುರ. ಮೇಲೆ ಹತ್ತಿಸಿದರೆ ಅಪ್ಪ 'ಗಾಳಿ ಜೋರು' ಅಂದರು, ಅಷ್ಟೇ. ಆಮೇಲೆ ಪೋರ್ಷೆ ಮ್ಯೂಸಿಯಂ. ನನ್ನ ಮಗನೂ ಅವನಪ್ಪನೂ ಫೋಟೊ ತೆಗೆದು ತೆಗೆದು ದಣಿದರೆ, ಅಪ್ಪ ಮೂಲೆಯಲ್ಲಿ ಕೂತು ಕೇಳಿದ್ದು: "ಇಬ್ರೇ ಕೂರೋ ಗಾಡಿ. ಲೋಡ್ ಎಲ್ಲಿ ಹಾಕ್ತಾರೆ?"

ಮಧ್ಯಾಹ್ನ ಬೆಂಜ್ ಮ್ಯೂಸಿಯಂ. ಅಲ್ಲಿ ಲಿಫ್ಟಿನಲ್ಲಿ ಮೊದಲು ತುದಿಗೆ ಹೋಗಿ, ಸುತ್ತುತ್ತಾ ಇಳಿಯಬೇಕು. ಮೇಲೆ ಬಾಗಿಲು ತೆರೆದರೆ ಎದುರಿಗೆ ಒಂದು ಬಿಳಿ ಕುದುರೆ. ಪಕ್ಕದಲ್ಲಿ 1886ರ ಮೂರು ಚಕ್ರದ ಗಾಡಿ. 1888ರಲ್ಲಿ, ಅದನ್ನು ಮಾಡಿದ ಕಾರ್ಲ್ ಬೆಂಜ್‌ನ ಹೆಂಡತಿ ಬೆರ್ಥಾ ಗಂಡನಿಗೆ ಹೇಳದೆ ಇಂಥದೇ ಗಾಡಿ ಹತ್ತಿ, ಇಬ್ಬರು ಗಂಡುಮಕ್ಕಳ ಜೊತೆ ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಹೋದದ್ದು, ದಾರಿಯಲ್ಲಿ ಔಷಧಿ ಅಂಗಡಿಯಿಂದ ಇಂಧನ ಕೊಂಡದ್ದು, ಕಟ್ಟಿಕೊಂಡಿದ್ದ ಇಂಧನದ ಪೈಪನ್ನು ಟೋಪಿಯ ಪಿನ್ನಿನಿಂದ ಬಿಡಿಸಿದ್ದು, ಎಲ್ಲವನ್ನೂ ನಾನು ಹೇಳಿದೆ. ಅಪ್ಪ ಹೂಂ ಅಂದರು.

ಕೆಳಗೆ ಸರಕು ಗಾಡಿಗಳ ಸಾಲು ಬಂತು ನೋಡಿ, ಅವರ ಹೆಜ್ಜೆಯೇ ಬದಲಾಯಿತು. ಒಂದು ಹಳೇ ಮೂತಿ ಲಾರಿಯ ಮುಂದೆ ಕೈಕಟ್ಟಿ ನಿಂತರು. 1954ರಿಂದ 15 ವರ್ಷ ಟಾಟಾದವರು ಬೆಂಜ್ ಕಂಪನಿಯ ಜೊತೆ ಸೇರಿ ಲಾರಿ ಮಾಡುತ್ತಿದ್ದರು, ಮೂತಿಯ ಮೇಲೆ ಇದೇ ನಕ್ಷತ್ರ. ಹದಿನೈದನೇ ವಯಸ್ಸಿಗೆ ಅಪ್ಪ ಮನೆ ಬಿಟ್ಟು ಸೇರಿಕೊಂಡದ್ದು ಅಂಥದೊಂದಕ್ಕೆ. ಡ್ರೈವರ್ ಆದದ್ದು ಎಷ್ಟೋ ವರ್ಷ ಕಳೆದ ಮೇಲೆ.

"ಇದ್ರಲ್ಲಿ ಕ್ಲೀನರ್ ಎಲ್ಲಿ ಕೂರ್ತಿದ್ದ? ಕೇಳಮ್ಮ ಅವ್ರನ್ನ."

ಅಲ್ಲಿದ್ದ ಸಿಬ್ಬಂದಿಯನ್ನು ನನ್ನ ಜರ್ಮನ್‌ನಲ್ಲಿ ಕೇಳಿದೆ. ಆ ಮನುಷ್ಯ ಬಹಳ ಒಳ್ಳೆಯವನು, ಯೋಚಿಸಿ ಹೇಳಿದ: "ಕ್ಲೀನ್ ಮಾಡುವವರು ಮುಚ್ಚಿದ ಮೇಲೆ ಬರುತ್ತಾರೆ. ಏನಾದರೂ ಚೆಲ್ಲಿದೆಯಾ?"

ಮಗ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ, ಈಗ ನಾಚಿಕೆಯಾಗುತ್ತದೆ. ಅಪ್ಪ ನಗಲಿಲ್ಲ. "ಏನಂದ್ರು?" ಅಂತ ಕೇಳಿದರು. ಗೊತ್ತಿಲ್ಲವಂತೆ ಅಂದುಬಿಟ್ಟೆ. ಆ ಶಬ್ದಕ್ಕೆ ಜರ್ಮನ್‌ನಲ್ಲಿ ಏನು ಅನ್ನಬೇಕು? ರೇಡಿಯೇಟರಿಗೆ ನೀರು ಹೊಯ್ಯುವವನು, ರಾತ್ರಿ ಡ್ರೈವರನ್ನು ಮಾತಾಡಿಸುತ್ತಾ ಎಚ್ಚರ ಇಡುವವನು, ಶಿರಾಡಿ ಘಾಟಿಯ ಏರಿನಲ್ಲಿ ಲಾರಿ ನಿಂತರೆ ಹಾರಿಳಿದು ಚಕ್ರಕ್ಕೆ ಕಲ್ಲು ಕೊಡುವವನು. ಅಪ್ಪನ ಎಡಗೈ ಕಿರುಬೆರಳು ಸೊಟ್ಟಗಿರುವುದು ಅಂಥ ಒಂದು ಕಲ್ಲಿನಿಂದ. ಚಿಕ್ಕಂದಿನಲ್ಲಿ ಅದನ್ನು ಹಿಡಿದೇ ಜಾತ್ರೆಯಲ್ಲಿ ನಡೆಯುತ್ತಿದ್ದೆ, ಯಾಕೆ ಸೊಟ್ಟ ಅಂತ ಕೇಳಿದ್ದು ಮಾತ್ರ ಈ ಭಾನುವಾರ.

ವಾಪಸು ಬರುವಾಗ ಕಾರಿನಲ್ಲಿ, ಯಾರೂ ಏನೂ ಕೇಳದೆ, ಅಪ್ಪ ಅಂದರು: "ಮೇಲೆ ಹೇಳ್ದಲ್ಲ, ಆ ಯಮ್ಮ. ಏರಲ್ಲಿ ಗಾಡಿ ತಳ್ದೋರು ಯಾರು?"

"ಮಕ್ಕಳು ತಳ್ಳಿದರಂತೆ. ಒಬ್ಬನಿಗೆ ಹದಿನೈದು, ಇನ್ನೊಬ್ಬನಿಗೆ ಹದಿಮೂರು."

"ಅವ್ರೇ ಮತ್ತೆ."

ನಮ್ಮ ಬೀದಿ ಬಲು ಇಳಿಜಾರು. ಈ ಊರಿರುವುದೇ ಬೋಗುಣಿಯಂಥ ಕಣಿವೆಯಲ್ಲಿ. ನಮ್ಮವರು ಹ್ಯಾಂಡ್‌ಬ್ರೇಕ್ ಎಳೆದು, ಬಾಗಿಲು ಲಾಕ್ ಮಾಡಿ ಹೊರಟರು. ತಿರುಗಿ ನೋಡಿದರೆ ಅಪ್ಪ ಇಲ್ಲ. ಕಸಕಡ್ಡಿಯೂ ಕಾಣದ ಈ ಬೀದಿಯಲ್ಲಿ ಅದೆಲ್ಲಿ ಸಿಕ್ಕಿತೋ, ಹಿಂದಿನ ಚಕ್ರಕ್ಕೆ ಬಗ್ಗಿ ಒಂದು ಕಲ್ಲು ಕೊಡುತ್ತಿದ್ದರು.