ಹಿತ್ತಾಳೆ ಚೊಂಬಿನ ಫೋಟೋಗೆ ಕಪ್ಪು ಕಾಗದ

ಪಾತ್ರೆಪಡಗಗಳ ಫೋಟೋ ತೆಗೆಯುವ ಕೆಲಸಕ್ಕೆ ಹೊಸದಾಗಿ ಬಂದವರು ಮೊದಲು ಎಡವುವುದು ಹಿತ್ತಾಳೆ, ಸ್ಟೀಲುಗಳ ಮುಂದೆ. ಬೆಳಗಿದ ಲೋಹ ಕನ್ನಡಿಯೇ ಸರಿ. ಚೊಂಬಿನ ಹೊಟ್ಟೆಯಲ್ಲಿ ಕಿಟಕಿ, ಟ್ಯೂಬ್‌ಲೈಟು, ಟ್ರೈಪಾಡು, ಅದರ ಹಿಂದೆ ನಿಂತ ನೀವು, ಎಲ್ಲವೂ ಕಾಣುತ್ತವೆ. ಲೆನ್ಸಿನ ಮುಂದೆ ಹಾಕಿ ಪ್ರತಿಬಿಂಬ ತಗ್ಗಿಸುವ ಪೋಲರೈಸರ್ ಫಿಲ್ಟರ್ ಗಾಜಿಗೆ, ನೀರಿಗೆ, ಪಾಲಿಶ್ ಮಾಡಿದ ಮರಕ್ಕೆ ಉಪಯೋಗ. ಬರಿ ಲೋಹದ ಪ್ರತಿಬಿಂಬ ಅದಕ್ಕೆ ಜಗ್ಗುವುದಿಲ್ಲ. ಹಾಗಾಗಿ ಚೊಂಬಿನಲ್ಲಿ ಏನು ಕಾಣಬೇಕೋ ಅದನ್ನೇ ಸುತ್ತ ಇಡಬೇಕು.

ನೇರ ಬಿಸಿಲು ಬೀಳದ ಒಂದು ಕಿಟಕಿ ಸಾಕು. ಅದರಿಂದ ಮೂರಡಿ ದೂರಕ್ಕೆ ಮೇಜು ಹಾಕಿ, ಬೆಳಕು ಪಕ್ಕದಿಂದ ಬರಲಿ. ನಡುವೆ ಟ್ರೇಸಿಂಗ್ ಪೇಪರ್ ಅಥವಾ ಬಿಳಿ ಪಂಚೆ. ಪಂಚೆಯನ್ನು ಸರಳಿಗೇ ಕಟ್ಟಿದರೆ ಸರಳಿನ ಗೆರೆಗಳೆಲ್ಲ ಚೊಂಬಿನ ಮೇಲೆ ಮೂಡುತ್ತವೆ. ಒಂದಡಿ ಒಳಗೆ ಹಗ್ಗ ಕಟ್ಟಿ ಇಳಿಬಿಡಿ. ಸುಕ್ಕಿದ್ದರೆ ಅದೂ ಕಾಣುತ್ತದೆ, ಇಸ್ತ್ರಿ ಮಾಡಿ. ಫ್ಯಾನ್ ಆರಿಸಿ. ಟ್ಯೂಬ್‌ಲೈಟೂ ಬೇಡ: ಎರಡು ಬಣ್ಣದ ಬೆಳಕು ಬೆರೆತರೆ ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಕ್ಯಾಮೆರಾ ಹೊಂದಿಕೆ) ಒಂದಕ್ಕೆ ಹೊಂದುತ್ತದೆ, ಇನ್ನೊಂದು ಕೆಡುತ್ತದೆ.

ನೆರಳು ತಿಳಿಯಾಗಲೆಂದು ಕಿಟಕಿಯ ಎದುರು ಬದಿಗೆ ಬಿಳಿ ಥರ್ಮಾಕೋಲ್ ಇಡುವುದು ಎಲ್ಲರ ರೂಢಿ. ಮಣ್ಣಿನ ಮಡಕೆಗೆ ಅದು ಚೆಂದ. ಲೋಹಕ್ಕೆ ಮಾತ್ರ ಮೊದಲು ಕಪ್ಪು ಡ್ರಾಯಿಂಗ್ ಶೀಟ್ ಇಟ್ಟು ನೋಡಿ. ಅದರ ಬಿಂಬ ಅಂಚಿನಲ್ಲಿ ಕಪ್ಪು ಪಟ್ಟಿಯಾಗಿ ಬಿದ್ದಾಗಲೇ ಕಂಠದ ತಿರುವು, ಹೊಟ್ಟೆಯ ದುಂಡು ಎದ್ದು ಬರುವುದು. ಸುತ್ತ ಬರೀ ಬಿಳಿಯಿದ್ದರೆ ಚೊಂಬು ಚಪ್ಪಟೆ ಹಳದಿ ಮಚ್ಚೆಯಾಗುತ್ತದೆ. ಕ್ಯಾಮೆರಾ ಪರದೆಯಲ್ಲಿ ನೋಡುತ್ತಾ ಶೀಟನ್ನು ಅಂಗುಲ ಅಂಗುಲ ಸರಿಸಿ.

ಕ್ಯಾಮೆರಾದಲ್ಲಿ ಐಎಸ್‌ಒ (ಬೆಳಕಿನ ಸಂವೇದನೆ) 100, ಲೆನ್ಸಿನ ಕಿಂಡಿ ಎಫ್/8 ಅಥವಾ ಎಫ್/11, ಎರಡು ಸೆಕೆಂಡಿನ ಟೈಮರ್. ಶಟರ್ 1/4 ಸೆಕೆಂಡಿಗೆ ಇಳಿದರೂ ಚಿಂತೆಯಿಲ್ಲ, ಚೊಂಬೇನು ಕಣ್ಣು ಮಿಟುಕಿಸುವುದಿಲ್ಲವಲ್ಲ. 85–100 ಮಿ.ಮೀ. ಲೆನ್ಸಿದ್ದರೆ ದೂರ ನಿಲ್ಲಬಹುದು, ನಿಮ್ಮ ಬಿಂಬವೂ ಚಿಕ್ಕದಾಗುತ್ತದೆ.

ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದ ಕೂಡಲೇ ಹತ್ತಿಬಟ್ಟೆಯಲ್ಲಿ ಒರೆಸದಿದ್ದರೆ ಹನಿಗಳ ಕಲೆ ಉಳಿಯುತ್ತದೆ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಥಳಥಳ ಹೊಳಪು ಅಂಗಡಿಯ ಕ್ಯಾಟಲಾಗಿಗೆ ಬೇಕು, ನಿಜ. ಆದರೆ ಮನೆಯಲ್ಲಿ ಬಳಸಿದ ಪಾತ್ರೆಗೆ ಅದರ ನೆಗ್ಗು, ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಸರೇ ಅಂದ. ಆ ಹೆಸರು ಪೂರ್ತಿ ಬಿಳುಪಿನಲ್ಲಿ ಮಾಯವಾಗುತ್ತದೆ, ಕಪ್ಪಿನಲ್ಲಿ ಮುಳುಗುತ್ತದೆ. ಬಿಳುಪು ಕಪ್ಪಿಗೆ ತಿರುಗುವ ಗಡಿಯ ಮೇಲೆ ಅಕ್ಷರ ಬರುವಂತೆ ಪಾತ್ರೆಯನ್ನು ತಿರುಗಿಸಿ, ಫೋಕಸ್ ಅಲ್ಲಿಗೇ ಕೊಡಿ.